ಚೌತಿ ಹಿಂಡಿನ ಬಣ್ಣ

ನಮ್ಮ ಊರಿನಲ್ಲಿ ಮಾತಾಡುತ್ತ ನಿಂತವರ ಕತ್ತು ಇದ್ದಕ್ಕಿದ್ದಂತೆ ಒಂದು ಕಡೆಗೆ ತಿರುಗಿದರೆ ಎದುರಿಗಿದ್ದವರು ಗಾಬರಿಯಾಗುವುದಿಲ್ಲ. "ಯಾರದ್ದು?" ಎಂದು ಕೇಳುತ್ತಾರೆ. ಹಾಗೆ ಕೇಳುವುದು ಇಲ್ಲಿಯ ಮರ್ಯಾದೆ. ತಿರುಗಿದವರು, "ನಾದಿನಿದು, ಮೀನಿನ ಗಾಡಿ ಬಂತೋ ಏನೋ" ಎಂದೋ, "ನಮ್ಮ ಇವರದ್ದು, ಎಲ್ಲಿಗೆ ನೋಡ್ತಾರೋ ದೇವರಿಗೇ ಗೊತ್ತು" ಎಂದೋ ಹೇಳಿ, ಕತ್ತನ್ನು ಮೊದಲಿನ ಜಾಗಕ್ಕೆ ತಂದುಕೊಂಡು ಮಾತು ಮುಂದುವರಿಸುತ್ತಾರೆ. ನನ್ನನ್ನು ಮಾತ್ರ ಎಂಟು ವರ್ಷ ಯಾರೂ ಹಾಗೆ ಕೇಳಲಿಲ್ಲ. ಕೇಳಿದರೆ ವಾರಿಜಕ್ಕ ಮೊರ ಬಿಸಾಡಿ ಎದ್ದು ಹೋಗುತ್ತಾಳೆ ಎಂದು ಊರಿಗೆಲ್ಲ ಗೊತ್ತಿತ್ತು.

ಉಗುರಿಗೆ ಹಚ್ಚುವ ಬಣ್ಣ ಮಾಡುವುದು ನಮ್ಮ ಮನೆಯ ಕಸುಬು. ಬೂತಾಯಿ ಮೀನಿನ ಹುರುಪೆಯನ್ನು ಉಪ್ಪುನೀರಿನಲ್ಲಿ ನೆನೆಸಿ, ಮೊಸರು ಕಡೆದ ಹಾಗೆ ಕಡೆದರೆ ಮೇಲೆ ಬೆಳ್ಳಗೆ ಹೊಳೆಯುವ ಕೆನೆ ಏಳುತ್ತದೆ. ಅದಕ್ಕೆ ನಾವು ಮಿಂಚು ಎನ್ನುತ್ತೇವೆ. ಅದನ್ನು ಮೂರು ಸಲ ಬಟ್ಟೆಯಲ್ಲಿ ಸೋಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ರಾಳಕ್ಕೆ ಬೆರೆಸಿದರೆ ಉಗುರು ಬಣ್ಣ. ಔಡಲೆಣ್ಣೆಗೆ ಬೆರೆಸಿದರೆ ತುಟಿಗೆ ಹಚ್ಚಬಹುದು. ಆದರೆ ನಮ್ಮೂರಿನವರು ತುಟಿಗೆ ಹಚ್ಚುವುದಿಲ್ಲ, ತುಟಿ ಮೊದಲೇ ಸುಮ್ಮನಿರುವ ವಸ್ತು ಅಲ್ಲ ಎನ್ನುತ್ತಾರೆ. ಕೆಲಸದಲ್ಲಿ ಕಷ್ಟ ಇರುವುದು ಕಡೆಯುವುದರಲ್ಲಿ ಅಲ್ಲ, ಬೇರೆ ಬೇರೆ ಇಡುವುದರಲ್ಲಿ. ಒಂದು ಬಲೆಗೆ ಬಿದ್ದ ಮೀನಿನ ಹಿಂಡು ಒಂದು ಭರಣಿಗೆ. ಇನ್ನೊಂದು ಹಿಂಡಿನ ಒಂದೇ ಒಂದು ಹುರುಪೆಯೂ ಅದರಲ್ಲಿ ಸೇರಬಾರದು. ಒಂದೊಂದು ಹಿಂಡಿಗೂ ಹೆಸರಿದೆ: ತುಫಾನಿನ ಹಿಂಡು, ಮಾಸ್ತರರ ಮದುವೆ ಹಿಂಡು, ದೀಪ ಆರಿದ ದಿನದ ಹಿಂಡು. ಅಂಗಡಿಗೆ ಬಂದವರು ಬಣ್ಣ ಯಾವುದು ಎಂದು ಕೇಳುವುದಿಲ್ಲ, ಎಲ್ಲ ಬಣ್ಣವೂ ಬೆಳ್ಳಿ ಬಣ್ಣವೇ. ಯಾವ ಹಿಂಡು, ಅದು ಇನ್ನು ಯಾರ ಹತ್ತಿರ ಉಂಟು ಎಂದು ಕೇಳುತ್ತಾರೆ.

ಕೇಳಲೇಬೇಕು. ಒಂದೇ ಹಿಂಡಿನ ಬಣ್ಣ ಹಚ್ಚಿದವರು ಒಟ್ಟಿಗೆ ತಿರುಗುತ್ತಾರೆ. ಒಬ್ಬಳು ಬಲಕ್ಕೆ ಕತ್ತು ಹೊರಳಿಸಿದರೆ ಊರಿನ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬಳ ಕತ್ತೂ ಆ ದಿಕ್ಕಿಗೇ ಹೊರಳುತ್ತದೆ. ಹಚ್ಚಿದ ಹೊಸತರಲ್ಲಿ ಜೋರು, ವಾರ ಕಳೆದ ಮೇಲೆ ಮಂದ. ಹುಟ್ಟಿದಾಗಿನಿಂದ ಇದರಲ್ಲೇ ಬೆಳೆದ ನಮಗೆ ಇದು ದೊಡ್ಡ ಸಂಗತಿಯಲ್ಲ, ಸ್ವಲ್ಪ ನೋಡಿಕೊಂಡು ಬದುಕಬೇಕು ಅಷ್ಟೆ. ಮದುವೆಯಾದವರು ಮೊದಲ ವರ್ಷ ಒಂದೇ ಶೀಶೆಯಿಂದ ಹಚ್ಚಿಕೊಳ್ಳುತ್ತಾರೆ, ಎರಡನೇ ವರ್ಷ ಮರ್ಯಾದೆಯಿಂದ ಬೇರೆ ಬೇರೆ ಶೀಶೆ ಕೇಳಿಕೊಂಡು ಬರುತ್ತಾರೆ. ದೋಣಿಗೆ ಹೋಗುವ ಗಂಡಸರು ಕಿರುಬೆರಳಿಗೆ ಒಂದೇ ಹಿಂಡು ಹಚ್ಚಿಕೊಂಡರೆ ಹುಟ್ಟು ಒಟ್ಟಿಗೆ ಬೀಳುತ್ತದೆ. ಶಾಲೆಯಲ್ಲಿ ಒಂದೇ ಬೆಂಚಿಗೆ ಒಂದೇ ಹಿಂಡು ಕೂಡದು. ಪರೀಕ್ಷೆಯ ದಿನ ಟೀಚರು ಬಾಗಿಲಲ್ಲಿ ಸ್ಪಿರಿಟ್ಟು, ಹತ್ತಿ ಹಿಡಿದುಕೊಂಡೇ ನಿಂತಿರುತ್ತಾರೆ.

ಒಮ್ಮೆ ಹೊರಗಿನಿಂದ ಒಬ್ಬ ಏಜೆಂಟ್ ಬಂದಿದ್ದ. ದೊಡ್ಡ ಕಂಪೆನಿಯವನಂತೆ, ಲಿಪ್‌ಸ್ಟಿಕ್ಕಿಗೆ ಹೊಳಪು ಬೇಕಿತ್ತಂತೆ. ನನ್ನ ಭರಣಿಗಳ ಸಾಲು ನೋಡಿ, "ಇಷ್ಟೊಂದು ಯಾಕೆ? ಎಲ್ಲಾ ಒಂದೇ ಡ್ರಮ್ಮಿಗೆ ಸುರೀರಿ, ಕೆಲಸ ಮುಗೀತಲ್ಲ" ಎಂದ. ಊರಿಗೆ ಊರೇ ಒಂದೇ ಕಡೆಗೆ ತಿರುಗಿದರೆ ಬೆನ್ನ ಹಿಂದೆ ಬರುವ ಲಾರಿಯನ್ನು ನೋಡುವವರು ಯಾರು ಎಂದು ಕೇಳಿದೆ. ನಗಾಡಿದ. ನಂಬಿಕೆ ಬರಲಿ ಎಂದು ಅವನ ಹೆಬ್ಬೆರಳಿಗೆ ಒಂದು ಗೆರೆ ಹಚ್ಚಿ ಕಳಿಸಿದೆ. ಅದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ಹುಯ್ಯುವವನ ಹಿಂಡು. ಬಸ್ಸು ಹೊರಡುವ ತನಕ ಆ ಮನುಷ್ಯ ಕಾವಲಿಯಿಂದ ಹಿಟ್ಟಿನ ಪಾತ್ರೆಗೆ, ಹಿಟ್ಟಿನ ಪಾತ್ರೆಯಿಂದ ಕಾವಲಿಗೆ ಕತ್ತು ಹೊರಳಿಸುತ್ತ ಕೂತಿದ್ದನಂತೆ. ಮತ್ತೆ ಬರಲಿಲ್ಲ.

ಇನ್ನು ನನ್ನ ಕತೆ. ನನಗೆ ಒಬ್ಬಳೇ ತಂಗಿ. ಹೆಸರು ಬೇಬಿ. ಐವತ್ತು ದಾಟಿದರೂ ಬೇಬಿಯೇ. ನಮ್ಮ ಅಪ್ಪ ದೂಮಣ್ಣ ಚೌತಿಯ ಹಿಂದಿನ ದಿನ ಒಬ್ಬನೇ ಬಲೆ ಬೀಸಿ ಒಂದು ಸಣ್ಣ ಹಿಂಡು ಹಿಡಿದಿದ್ದ. ಅದರ ಮಿಂಚನ್ನು ಯಾರಿಗೂ ಮಾರದೆ ಎರಡು ಶೀಶೆಗೆ ತುಂಬಿಸಿ ನಮ್ಮಿಬ್ಬರಿಗೆ ಕೊಟ್ಟ. ಅಕ್ಕತಂಗಿಯರಿಗೆ ಒಂದೇ ಹಿಂಡು ಕೊಟ್ಟರೆ ಜಗಳಕ್ಕೆ ದಾರಿ ಎಂದು ಎಲ್ಲರೂ ಹೇಳಿದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಬಿಗೆ ಅಳಿವೆಯ ಆಚೆ ದಡಕ್ಕೆ ಮದುವೆಯಾಯಿತು, ನಾನು ಈಚೆ ದಡದಲ್ಲಿ ಅಪ್ಪನ ಮನೆಯಲ್ಲೇ ಉಳಿದೆ. ಅವಳ ಮನೆ ಪಡುವಣಕ್ಕೆ, ನನ್ನದು ಮೂಡಣಕ್ಕೆ, ನಡುವೆ ಕೂಗಿದರೆ ಕೇಳುವಷ್ಟು ಅಗಲದ ನೀರು. ಅವಳು ಅಲ್ಲಿ ಮಳೆಮೋಡ ನೋಡಲು ಕತ್ತೆತ್ತಿದರೆ ನಾನು ಇಲ್ಲಿ ಕತ್ತೆತ್ತಿ, ಓ ಮಳೆ ಬಂತು ಎಂದು ಹುರುಪೆ ಒಳಗೆ ತರುತ್ತಿದ್ದೆ. ಎಷ್ಟು ಚೆನ್ನಾಗಿತ್ತು ಆ ಕಾಲ ಎಂದು ಈಗ ಹೇಳಲು ನನಗೇನೂ ನಾಚಿಕೆ ಇಲ್ಲ.

ಒಂಬತ್ತು ವರ್ಷದ ಹಿಂದೆ ಅಪ್ಪ ಮಲಗಿದ. ಬೇಬಿ ದಡ ದಾಟಿ ಬಂದು ಹದಿನೈದು ದಿನ ನನ್ನ ಜೊತೆಗೇ ಇದ್ದಳು. ಅಪ್ಪ ಹೋಗುವ ಹಿಂದಿನ ಸಂಜೆ, "ಅಕ್ಕ, ಸ್ವಲ್ಪ ಸ್ಪಿರಿಟ್ಟು, ಹತ್ತಿ ಕೊಡು" ಎಂದು ಕೇಳಿದಳು. ಅಪ್ಪನ ಬೆನ್ನಿಗೆ ಹಚ್ಚಲಿಕ್ಕೋ ಏನೋ ಎಂದು ಕೊಟ್ಟೆ. ಮರುದಿನ ಅವನನ್ನು ಅಂಗಳದಲ್ಲಿ ಮಲಗಿಸಿ, ಹೆಣ್ಣುಮಕ್ಕಳು ಕೊನೆಯ ಸಲ ಮುಖ ನೋಡಿಬಿಡಿ ಎಂದು ಮುಖದ ಮೇಲಿನ ಬಟ್ಟೆ ಸರಿಸಿದರು. ನಮ್ಮಲ್ಲಿ ಬಟ್ಟೆ ಸರಿಸುವುದು ಒಂದೇ ಸಲ. ಆ ಗಳಿಗೆಯಲ್ಲಿ ನನ್ನ ಕತ್ತು ಎಡಕ್ಕೆ ತಿರುಗಿಬಿಟ್ಟಿತು. ಗೋಡೆಗೆ ತೂಗುಹಾಕಿದ್ದ ಹಳೇ ಬಲೆ ಕಾಣಿಸಿತು. ನಾನು ಕತ್ತು ತಿರುಗಿಸಿ ತರುವಷ್ಟರಲ್ಲಿ ಬಟ್ಟೆ ಮುಚ್ಚಿಯಾಗಿತ್ತು.

ನಾನು ಬೇಬಿಯ ಮೇಲೆ ಹರಿಹಾಯ್ದೆ. ಹೆಣ ಎತ್ತುವ ಮೊದಲೇ, ಜನರೆಲ್ಲ ನೋಡುತ್ತಿರುವಾಗಲೇ. "ನಿನಗೆ ನೋಡ್ಲಿಕ್ಕೆ ಧೈರ್ಯ ಇಲ್ಲದಿದ್ರೆ ಬೇಡ ಮಾರಾಯ್ತಿ, ನನ್ನ ಕತ್ತನ್ನು ಯಾಕೆ ಎಳ್ಕೊಂಡು ಹೋದೆ? ನನ್ನ ಅಪ್ಪನ ಮುಖವನ್ನು ನೀನು ಕಸ್ಕೊಂಡೆ" ಎಂದೆ. ಅವಳು ಕೈ ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. "ಇನ್ನು ನಿನ್ನ ಉಗುರಿಗೆ ಚೌತಿ ಹಿಂಡು ಹಚ್ಚಬಾರದು, ಆಣೆ ಮಾಡು" ಎಂದೆ. ಆಣೆ ಮಾಡಿದಳು. ಅಂದು ಸಂಜೆಯೇ ದೋಣಿ ಹತ್ತಿ ಹೋದಳು. ಆಮೇಲೆ ಅವಳು ಈ ದಡಕ್ಕೆ ಬರಲಿಲ್ಲ, ನಾನು ಆ ದಡಕ್ಕೆ ಹೋಗಲಿಲ್ಲ.

ಅಷ್ಟಾದ ಮೇಲೆ ನಾನಾದರೂ ಬೇರೆ ಹಿಂಡು ಹಚ್ಚಿಕೊಳ್ಳಬಹುದಿತ್ತು, ಅಂಗಡಿ ತುಂಬ ಭರಣಿಗಳಿದ್ದವು. ಅಪ್ಪ ಕೊಟ್ಟದ್ದು, ವ್ಯರ್ಥ ಮಾಡಬಾರದು ಎಂದು ನೆಪ ಹೇಳಿಕೊಂಡು ವಾರಕ್ಕೊಮ್ಮೆ ಚೌತಿ ಹಿಂಡನ್ನೇ ಹಚ್ಚಿಕೊಳ್ಳುತ್ತಿದ್ದೆ. ಒಂದು ವರ್ಷ ನನ್ನ ಕತ್ತು ನನ್ನದಾಗಿಯೇ ಇತ್ತು. ಆಮೇಲೆ ಒಂದು ದಿನ ಸಂಜೆ ಐದು ಗಂಟೆಗೆ, ಅಂಗಳದಲ್ಲಿ ಕೂತು ಹುರುಪೆ ಕೇರುತ್ತಿದ್ದಾಗ, ಕತ್ತು ನೇರ ಪಡುವಣಕ್ಕೆ ಹೊರಳಿತು.

ಸಿಟ್ಟು ನೆತ್ತಿಗೇರಿತು. ಮೊದಲನೆಯದಾಗಿ, ಆಣೆ ಮುರಿದಳು. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಅವಳ ಮನೆ ನನಗೆ ಪಡುವಣಕ್ಕಿದೆ, ಅವಳಿಗೆ ನನ್ನ ಮನೆ ಮೂಡಣಕ್ಕೆ. ನನ್ನ ಕತ್ತು ಪಡುವಣಕ್ಕೆ ತಿರುಗಿತು ಎಂದರೆ ಅವಳೂ ಪಡುವಣಕ್ಕೆ ತಿರುಗಿದ್ದಾಳೆ, ಅಂದರೆ ನನ್ನ ಮನೆಗೆ ಬೆನ್ನು ಹಾಕಿದ್ದಾಳೆ. ಮರುದಿನವೂ ಐದು ಗಂಟೆಗೆ ಅದೇ. ಅದರ ಮರುದಿನವೂ ಅದೇ. ದಿನಾ ಗಡಿಯಾರ ನೋಡಿಕೊಂಡು ಬಂದು ನನಗೆ ಬೆನ್ನು ತೋರಿಸುವ ಇವಳಿಗೆ ಎಷ್ಟು ಸೊಕ್ಕಿರಬೇಕು! ಅವಳ ಬೆನ್ನು ನೋಡುವ ದರ್ದು ನನಗೇನು ಎಂದು ಕತ್ತು ತಿರುಗಿದ ಕೂಡಲೇ ಕೈಯಲ್ಲಿದ್ದ ಮೊರವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಕತ್ತು ಸಡಿಲವಾಗುವವರೆಗೆ, ಹತ್ತು ನಿಮಿಷವೋ ಹದಿನೈದು ನಿಮಿಷವೋ, ಮೊರದ ಹೆಣಿಗೆಯನ್ನೇ ನೋಡುತ್ತ ಕೂತಿರುತ್ತಿದ್ದೆ. ಎಂಟು ವರ್ಷ ಹೀಗೆ ನಡೆಯಿತು. ನನ್ನ ಮೊರದಲ್ಲಿ ಎಷ್ಟು ಬಿದಿರು ಕಡ್ಡಿ ಇದೆ ಎಂದು ಈಗಲೂ ಹೇಳಬಲ್ಲೆ.

ಸುಳ್ಳು ಹೇಳಬಾರದು, ಆ ಕತ್ತಿನಿಂದಲೇ ಅವಳ ಸಮಾಚಾರ ತಿಳಿದುಕೊಳ್ಳುತ್ತಿದ್ದೆ. ಬೇರೆ ಹೊತ್ತಿನಲ್ಲೂ ಸಣ್ಣ ಸಣ್ಣ ಎಳೆತ ಬರುತ್ತಿತ್ತು. ಮಧ್ಯಾಹ್ನ ಗಂಟೆಗಟ್ಟಲೆ ತಲೆ ತಗ್ಗುತ್ತಿತ್ತು, ಮೇಲೇಳುತ್ತಿತ್ತು, ಮತ್ತೆ ತಗ್ಗುತ್ತಿತ್ತು. ಅಳಿವೆಯ ಮರುವಾಯಿ ಚಿಪ್ಪು ಒಡೆದು ಸುಲಿಯುತ್ತಿದ್ದಾಳೆ ಪಾಪ, ಬೆನ್ನು ನೋಯುತ್ತಿರಬೇಕು ಅಂದುಕೊಳ್ಳುತ್ತಿದ್ದೆ. ಕೆಲವು ದಿನ ಪಟಪಟ ತಲೆ ಕೊಡವಿದ ಹಾಗೆ ಆಗುತ್ತಿತ್ತು. ಯಾರಿಗೋ ಆಗುದಿಲ್ಲ ಆಗುದಿಲ್ಲ ಎಂದು ಹೇಳುತ್ತಿದ್ದಾಳೆ, ಗಂಡನ ಹತ್ತಿರ ಜಗಳ ಇರಬೇಕು, ಮೊದಲಿಂದ ಹಟಮಾರಿ ಅಂದುಕೊಳ್ಳುತ್ತಿದ್ದೆ. ಒಮ್ಮೆ ಬೆಳಗಿನ ಹೊತ್ತು ಕತ್ತು ಮುಂದಕ್ಕೆ ರಪ್ಪೆಂದು ಕುಕ್ಕಿ ನಾನು ಭರಣಿಗೆ ಹಣೆ ಹೊಡೆದುಕೊಂಡೆ. ಅವಳು ಯಾರನ್ನೋ ಹಣೆಯಿಂದ ಗುದ್ದಿದ್ದಾಳೆ! ಆ ವಯಸ್ಸಿನಲ್ಲಿ ಇದೆಂಥ ಅವತಾರ ಎಂದು ಎರಡು ದಿನ ಚಿಂತೆ ಮಾಡಿದೆ. ಹೋಗಿ ಕೇಳಲು ಮಾತ್ರ ಮನಸ್ಸು ಬಗ್ಗಲಿಲ್ಲ.

ಈ ವರ್ಷ ಮಳೆಗಾಲ ಮುಗಿಯುತ್ತ ಬಂದಾಗ ಒಂದು ಸೋಮವಾರ ಐದು ಗಂಟೆಯಾಯಿತು, ಕತ್ತು ತಿರುಗಲಿಲ್ಲ. ನಾನು ಮೊರ ಹಿಡಿದುಕೊಂಡು ತಯಾರಾಗಿಯೇ ಕೂತಿದ್ದೆ. ಐದೂವರೆಯಾಯಿತು. ಆರಾಯಿತು. ಆಚೆ ದಡಕ್ಕೆ ಕಣ್ಣು ಹಾಯಿಸಲು ಹಟ ಬಿಡಲಿಲ್ಲ. ಮಂಗಳವಾರವೂ ಇಲ್ಲ. ಮಧ್ಯಾಹ್ನದ ತಲೆ ತಗ್ಗಿಸುವುದೂ ಇಲ್ಲ, ಕೊಡವುವುದೂ ಇಲ್ಲ. ಬುಧವಾರ ಉಗುರಿಗೆ ಹೊಸದಾಗಿ ಎರಡು ಸಲ ಬಳಿದುಕೊಂಡೆ. ಏನೂ ಆಗಲಿಲ್ಲ. ಗುರುವಾರ ಬೆಳಿಗ್ಗೆ ಅಕ್ಕಿ ತೊಳೆಯುವುದನ್ನು ಅರ್ಧಕ್ಕೆ ನಿಲ್ಲಿಸಿದೆ. ಅಪ್ಪನ ಮುಖವನ್ನಂತೂ ನೋಡಲಿಲ್ಲ, ಇನ್ನು ಇವಳದ್ದನ್ನೂ ನೋಡದೆ ಕೂತುಬಿಡುತ್ತೇನೆಯೇ? ಬೇಬಿ ಸತ್ತಿದ್ದರೆ ಯಾರಾದರೂ ಬಂದು ಹೇಳಿಯಾರು ಎಂಬ ಧೈರ್ಯವೂ ಇರಲಿಲ್ಲ, ಅವಳ ಹೆಸರೆತ್ತಬೇಡಿ ಎಂದು ಊರಿಗೆಲ್ಲ ಹೇಳಿಟ್ಟವಳು ನಾನೇ. ಅಕ್ಕಿಯನ್ನು ಅಲ್ಲೇ ಬಿಟ್ಟು, ಚೌತಿ ಹಿಂಡಿನ ಶೀಶೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿ ಕಡವಿಗೆ ಓಡಿದೆ.

ಕಡವು ದಾಟಿಸುವವನು ಪುತ್ತಬ್ಬ. ಬೇಬಿಯ ಮದುವೆ ದಿಬ್ಬಣವನ್ನೂ ದಾಟಿಸಿದವನು. ನಾನು ದೋಣಿಗೆ ಕಾಲಿಟ್ಟದ್ದನ್ನು ಕಂಡು ಅವನ ಬೀಡಿ ಬಾಯಿಂದ ಬಿತ್ತು.

"ಆ ದಡಕ್ಕಾ ವಾರಿಜಕ್ಕ?"

"ಮತ್ತೆ ಎಲ್ಲಿಗೆ? ನಿನ್ನ ದೋಣಿ ಇನ್ನೆಲ್ಲಿಗಾದ್ರೂ ಹೋಗ್ತದಾ?"

"ಇಲ್ಲಪ್ಪ, ಕೇಳಿದ್ದು ಅಷ್ಟೆ" ಎಂದು ಸುಮ್ಮನೆ ಹುಟ್ಟು ಹಾಕಿದ. ಬೇಬಿ ಹೇಗಿದ್ದಾಳೆ ಎಂದು ಅವನನ್ನು ಕೇಳಿದ್ದರೆ ಆಗುತ್ತಿತ್ತು. ಬಾಯಿವರೆಗೆ ಬಂತು. ಕೆಟ್ಟ ಸುದ್ದಿಯನ್ನು ನೀರಿನ ನಡುವೆ ಕೇಳುವುದು ಬೇಡ ಎಂದು ನುಂಗಿಕೊಂಡೆ.

ಬೇಬಿ ಅಂಗಳದಲ್ಲಿ ಕೂತು ಮರುವಾಯಿ ಸುಲಿಯುತ್ತಿದ್ದಳು. ಗಟ್ಟಿಮುಟ್ಟಾಗಿದ್ದಳು. ಕೂದಲು ಬೆಳ್ಳಗಾಗಿತ್ತು, ಅಷ್ಟೆ. ನನ್ನನ್ನು ಕಂಡು ಎದ್ದು ನಿಂತವಳ ಮಡಿಲಿನಿಂದ ಮರುವಾಯಿಯೆಲ್ಲ ನೆಲಕ್ಕೆ ಸುರಿಯಿತು. ಬದುಕಿದ್ದಾಳೆ ಎಂದು ಖಾತ್ರಿಯಾದ ಕೂಡಲೇ ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಬಾಯಿಂದ ಬಂದದ್ದು ಹಳೇ ಸಿಟ್ಟು.

"ಕೈ ತೋರಿಸು" ಎಂದೆ.

"ಅಕ್ಕ, ಮೊದ್ಲು ಕೂತ್ಕೊ. ನೀರು ಕೊಡ್ತೇನೆ."

"ನೀರು ಬೇಡ. ಎಂಟು ವರ್ಷ ಆಣೆ ಮುರಿದು ಬಣ್ಣ ಹಚ್ಚಿದ್ದಿ. ದಿನಾ ಐದು ಗಂಟೆಗೆ ನನಗೆ ಬೆನ್ನು ಹಾಕಿದ್ದಿ. ಈಗ ನಾಲ್ಕು ದಿನದಿಂದ ಅದೂ ಇಲ್ಲ. ನಾನು ಎಂತ ಅಂದ್ಕೊಳ್ಬೇಕು? ಕೈ ತೋರಿಸು ಮೊದ್ಲು."

ಅವಳು ಎರಡೂ ಕೈ ಮುಂದೆ ಚಾಚಿದಳು. ಮರುವಾಯಿ ಚಿಪ್ಪಿನಿಂದ ಒಡೆದ ಬೆರಳುಗಳು, ಗಿಡ್ಡವಾಗಿ ಕತ್ತರಿಸಿದ ಉಗುರುಗಳು. ಅಪ್ಪಟ ಬೋಳು. ನಾನು ಬಣ್ಣ ಮಾಡುವವಳು, ಉಗುರು ನೋಡಿದರೆ ಅದರ ಮೇಲೆ ಎಂದಾದರೂ ರಾಳ ಕೂತಿತ್ತೋ ಇಲ್ಲವೋ ಎಂದು ತಿಳಿಯುತ್ತದೆ. ವರ್ಷಾನುಗಟ್ಟಲೆ ಅಲ್ಲಿ ಏನೂ ಕೂತಿರಲಿಲ್ಲ.

"ಆಣೆ ಮಾಡಿದ್ದೆ ಅಲ್ವಾ, ಉಗುರಿಗೆ ಹಚ್ಚುದಿಲ್ಲ ಅಂತ" ಎಂದಳು.

"ಮತ್ತೆ ನನ್ನ ಕತ್ತು ತಿರುಗಿಸಿದ್ದು ಯಾರು?"

ಬೇಬಿ ಗಲ್ಲದಿಂದ ಪಕ್ಕಕ್ಕೆ ತೋರಿಸಿದಳು. ಹಲಸಿನ ಮರದ ಬುಡದಲ್ಲಿ ಒಂದು ಮುದಿ ಆಡು ನಿಂತಿತ್ತು. ಕಪ್ಪು ಮೈ, ಬಿಳಿ ಗಡ್ಡ. ಅದರ ಎರಡು ಕೊಂಬಿನ ಮೇಲೆ ಅಲ್ಲಲ್ಲಿ ಚಕ್ಕೆ ಎದ್ದ ಬೆಳ್ಳಿ ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು.

ನಾನು ಆಡನ್ನು ನೋಡಿದೆ. ಅದು ತಲೆ ತಗ್ಗಿಸಿ ಒಂದು ಎಲೆ ಕಚ್ಚಿತು, ಮೇಲೆತ್ತಿತು, ಮತ್ತೆ ತಗ್ಗಿಸಿತು. ನೊಣ ಕೂತಿತೋ ಏನೋ, ಪಟಪಟ ತಲೆ ಕೊಡವಿತು. ಎಂಟು ವರ್ಷ ನಾನು ಮರುಗಿದ ಬೆನ್ನುನೋವು, ನಾನು ಲೆಕ್ಕ ಹಾಕಿದ ಗಂಡ ಹೆಂಡಿರ ಜಗಳ, ಎಲ್ಲ ಒಂದೊಂದಾಗಿ ನನ್ನ ಕಣ್ಣ ಮುಂದೆ ಮೇಯುತ್ತಿತ್ತು.

"ಇದು ಯಾರನ್ನಾದ್ರೂ ಗುದ್ದಿತ್ತಾ?" ಎಂದು ಕೇಳಿದೆ.

"ಅಂಚೆಯವರನ್ನು. ಎರಡು ವರ್ಷ ಆಯ್ತು. ನಿಂಗೆ ಪೆಟ್ಟಾಯ್ತಾ?"

ನಾನು ಹಣೆ ಮುಟ್ಟಿಕೊಂಡೆ. ನಂಬಲು ಮನಸ್ಸೇ ಬರಲಿಲ್ಲ. ಸೊಂಟದಿಂದ ಶೀಶೆ ತೆಗೆದು, ತಳದಲ್ಲಿ ಉಳಿದಿದ್ದ ಬಣ್ಣದಲ್ಲಿ ಕಡ್ಡಿ ಅದ್ದಿ ಆಡಿನ ಒಂದು ಕೊಂಬಿಗೆ ಒಂದು ಗೆರೆ ಎಳೆದೆ. ಬಣ್ಣ ಆರಿದ ಮೇಲೆ ಬೇಬಿ ಮರದ ಇನ್ನೊಂದು ಕಡೆಗೆ ಹೋಗಿ ಹಲಸಿನ ಸೊಪ್ಪು ಅಲ್ಲಾಡಿಸಿದಳು. ಆಡು ರಪ್ಪನೆ ಅತ್ತ ತಿರುಗಿತು. ನನ್ನ ಕತ್ತೂ ರಪ್ಪನೆ ಅತ್ತ ತಿರುಗಿತು. ಇಬ್ಬರೂ ಸೊಪ್ಪನ್ನೇ ನೋಡುತ್ತ ನಿಂತೆವು. ಬೇಬಿಗೆ ನಗು ತಡೆಯಲಾಗಲಿಲ್ಲ. ಸೊಪ್ಪು ಕೆಳಗೆ ಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ಕೊಂಬು, ಉಗುರು ಎರಡೂ ಒಂದೇ ಜಾತಿ ಅಲ್ವಾ" ಎಂದಳು, ಕಣ್ಣೊರೆಸಿಕೊಳ್ಳುತ್ತ ನನ್ನ ಪಕ್ಕ ಕೂತು. "ಈ ಆಡು, ಕುಂಞಿ, ಮರಿಯಾಗಿದ್ದಾಗ ಕೊಂಬಿಗೆ ಹಚ್ಚಿ ನೋಡಿದೆ. ಹಿಡೀತು. ನೀನು ಬೇರೆ ಹಿಂಡು ಹಚ್ಕೊಂಡಿರ್ತಿ ಅಂತ ಮಾಡಿದ್ದೆ. ಆದ್ರೆ ಮರುದಿನ ಬೆಳಿಗ್ಗೆ ಇದು ತಲೆ ಬಾಚಿದ ಹಾಗೆ ಆಚೆ ಈಚೆ ಮಾಡ್ಲಿಕ್ಕೆ ಶುರು ಮಾಡ್ತು. ಓ, ಅಕ್ಕ ಇನ್ನೂ ಚೌತಿ ಹಿಂಡೇ ಹಚ್ತಾಳೆ ಅಂತ ಗೊತ್ತಾಯ್ತು. ಎಷ್ಟು ಖುಷಿಯಾಯ್ತು ಗೊತ್ತುಂಟಾ?"

ಹಿಂಡಿನಲ್ಲಿ ಒಂದೇ ಕಡೆಯ ದಾರಿ ಇರುವುದಿಲ್ಲ. ಆಡು ನನ್ನನ್ನು ತಿರುಗಿಸಿದರೆ ನಾನೂ ಆಡನ್ನು ತಿರುಗಿಸುತ್ತೇನೆ. ಇದು ನನಗೆ ಹೊಳೆದಿರಲೇ ಇಲ್ಲ, ಬೇಬಿಗೆ ಮೊದಲ ದಿನವೇ ಹೊಳೆದಿತ್ತು. ನಾನು ಅಂಗಡಿಯ ಮೇಲಿನ ಹಲಗೆಯಿಂದ ಭರಣಿ ಇಳಿಸುವ ಹೊತ್ತಿಗೆ ಕುಂಞಿ ಆಕಾಶ ನೋಡುತ್ತಿತ್ತಂತೆ. ಗಿರಾಕಿಗಳು ಜಾಸ್ತಿಯಾದ ದಿನ ಮೇಯಲು ಪುರುಸೊತ್ತಾಗದೆ ಬಡವಾಗುತ್ತಿತ್ತಂತೆ.

"ಮೂರು ವರ್ಷದ ಹಿಂದೆ ಇದು ಎರಡು ದಿನ ತಲೆ ಎತ್ತಲೇ ಇಲ್ಲ" ಎಂದಳು ಬೇಬಿ. "ಸೊಪ್ಪು ಹಾಕಿದ್ರೂ ಇಲ್ಲ. ನಿನಗೇ ಏನೋ ಆಗಿದೆ ಅಂತ ಕಷಾಯ ಮಾಡಿ ಪುತ್ತಬ್ಬನ ಹತ್ರ ಕಳಿಸಿದೆ."

ಆಗ ನನಗೆ ಜ್ವರ ಬಂದಿತ್ತು. ಪುತ್ತಬ್ಬ ತಂಬಿಗೆ ತಂದಿಟ್ಟು, ತನ್ನ ಹೆಂಡತಿ ಮಾಡಿದ್ದು ಎಂದಿದ್ದ. ಅವನ ಹೆಂಡತಿ ಕಷಾಯಕ್ಕೆ ಬೆಲ್ಲ ಜಾಸ್ತಿ ಹಾಕುತ್ತಾಳೆ ಎಂದು ನಾನು ದೂರಿದ್ದೂ ನೆನಪಾಯಿತು. ಬೆಲ್ಲ ಜಾಸ್ತಿ ಹಾಕುವವಳು ಯಾರೆಂದು ನಾಲಗೆಗೆ ಗೊತ್ತಾಗಬೇಕಿತ್ತು.

"ಅದೆಲ್ಲ ಇರ್ಲಿ. ಐದು ಗಂಟೆದು ಎಂತ? ದಿನಾ ಆಡನ್ನು ನನ್ನ ಮನೆಗೆ ಬೆನ್ನು ಮಾಡಿ ಕಟ್ಟಿದ್ದು ಯಾಕೆ?"

ಬೇಬಿ ನನ್ನನ್ನೇ ನೋಡಿದಳು. ಅಕ್ಕ ದಡ್ಡಿ ಎಂದು ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ ಎಂಬ ನೋಟ.

"ಇದು ಪಡುವಣಕ್ಕೆ ಮುಖ ಮಾಡಿದ್ರೆ ನೀನೂ ಪಡುವಣಕ್ಕೆ ತಿರುಗ್ತಿ. ಪಡುವಣದಲ್ಲಿ ಇರುದು ನನ್ನ ಮನೆ. ನಾನು ಈ ಮೆಟ್ಟಿಲ ಮೇಲೆ ಕೂತು ನಿನ್ನ ಕಡೆ ನೋಡ್ತಿದ್ದೆ. ದಿನಕ್ಕೊಂದು ಸಲ ನಿನ್ನ ಮುಖ ಕಂಡ್ರೆ ಸಾಕು ಅಂತ." ಸೆರಗು ಕೊಡವಿ ಹೇಳಿದಳು, "ಮುಖ ಎಲ್ಲಿ ಕಂಡದ್ದು? ಎಂಟು ವರ್ಷ ಮೊರ ನೋಡಿದೆ."

ಅವಳು ಈ ದಡದಲ್ಲಿ ಮೊರದ ಹೊರಬದಿ ನೋಡಿದಳು, ನಾನು ಆ ದಡದಲ್ಲಿ ಒಳಬದಿ ನೋಡಿದೆ. ಅವಳ ಒಡೆದ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಕುಂಞಿಯ ತಲೆಯೂ ನನ್ನ ಜೊತೆಗೆ ತಗ್ಗಿ, ಗಡ್ಡ ನೆಲಕ್ಕೆ ತಾಗಿತು.

ಶೀಶೆ ಮುಗಿದು ಎರಡು ವಾರವಾಗಿತ್ತಂತೆ, ಕೊಂಬಿನ ಹಳೇ ಬಣ್ಣದ ಬಲ ಸೋಮವಾರಕ್ಕೆ ಪೂರ್ತಿ ಇಳಿದಿತ್ತು, ಅಷ್ಟೇ ಸಂಗತಿ. ಆದರೆ ಅಷ್ಟು ಕೇಳಿ ಎದ್ದುಬರಲು ನನಗಾಗಲಿಲ್ಲ. ಒಂಬತ್ತು ವರ್ಷದಿಂದ ಕೇಳದೆ ಉಳಿದದ್ದು ಒಂದು ಬಾಕಿ ಇತ್ತು. ಈ ಸಲ ಸಿಟ್ಟಿಲ್ಲದೆ ಕೇಳಿದೆ. "ಆ ದಿನ ಯಾಕೆ ತಿರುಗಿದೆ ಬೇಬಿ? ಅಪ್ಪನ ಮುಖ ನೋಡ್ಲಿಕ್ಕೆ ಹೆದ್ರಿಕೆ ಆಯ್ತಾ?"

"ಬಿಡು ಅಕ್ಕ."

"ಬಿಡುದಿಲ್ಲ. ಹೇಳು."

ಅವಳು ನೆಲದ ಮೇಲೆ ಬಿದ್ದ ಮರುವಾಯಿಯನ್ನು ಒಂದೊಂದಾಗಿ ಹೆಕ್ಕತೊಡಗಿದಳು. "ಹಿಂದಿನ ದಿನ ನಿನ್ನ ಹತ್ರ ಸ್ಪಿರಿಟ್ಟು ಕೇಳಿದ್ದೆ, ನೆನಪುಂಟಾ?"

"ಉಂಟು. ಅಪ್ಪನ ಬೆನ್ನಿಗೆ."

"ಅಪ್ಪನ ಬೆನ್ನಿಗಲ್ಲ. ನನ್ನ ಉಗುರಿಗೆ. ಅಪ್ಪನಿಗೆ ಇನ್ನು ಹೆಚ್ಚು ಹೊತ್ತಿಲ್ಲ ಅಂತ ಗೊತ್ತಾಗಿತ್ತು. ಮುಖ ನೋಡುವಾಗ ಒಬ್ಬರಿಗೊಬ್ಬರು ಎಳೆದಾಡುದು ಬೇಡ, ಅಕ್ಕ ಅವಳಷ್ಟಕ್ಕೆ ಸರಿಯಾಗಿ ನೋಡ್ಲಿ ಅಂತ ಎಲ್ಲ ಒರೆಸಿ ತೆಗ್ದಿದ್ದೆ."

ಸೆರಗಿನೊಳಗೆ ಸುತ್ತಿಕೊಂಡಿದ್ದ ಅವಳ ಕೈಗಳು ನೆನಪಾದವು. ಆ ದಿನ ಜಗತ್ತಿನಲ್ಲಿ ಚೌತಿ ಹಿಂಡು ಹಚ್ಚಿಕೊಂಡವಳು ನಾನೊಬ್ಬಳೇ. ನನ್ನ ಕತ್ತನ್ನು ಯಾರೂ ತಿರುಗಿಸಿರಲಿಲ್ಲ. ನೋಡಲಾರದೆ ನಾನೇ ತಿರುಗಿದ್ದೆ. ನಮ್ಮೂರಿನಲ್ಲಿ ಕತ್ತು ತಿರುಗಿದ ಕೂಡಲೇ ಯಾರದ್ದು ಎಂದು ಹೊರಗೆ ಹುಡುಕಿ ಅಭ್ಯಾಸ. ನನ್ನದೇ ಇರಬಹುದು ಎಂದು ನನಗೆ ತೋಚಲೇ ಇಲ್ಲ.

"ಅವತ್ತೇ ಹೇಳ್ಬಹುದಿತ್ತಲ್ಲ! ಅಷ್ಟು ಜನರ ಎದುರು ಬೈಸಿಕೊಂಡು ಯಾಕೆ ನಿಂತೆ?"

"ಹೇಳಿದ್ರೆ ನೀನು ತಡ್ಕೊಳ್ತಿದ್ದಿಯಾ?" ಎಂದಳು. "ನನ್ನ ಮೇಲೆ ಸಿಟ್ಟು ಮಾಡ್ಕೊಂಡಾದ್ರೂ ಎದ್ದು ಓಡಾಡ್ಲಿ ಅಂತ ಬಿಟ್ಟೆ. ಇಷ್ಟು ವರ್ಷ ಮಾಡ್ತಿ ಅಂತ ಗೊತ್ತಿರ್ಲಿಲ್ಲ."

ನಾನೂ ಬಗ್ಗಿ ನಾಲ್ಕು ಮರುವಾಯಿ ಹೆಕ್ಕಿದೆ. ಆಮೇಲೆ ಹೊಳೆಯಿತು. ಅವಳ ಉಗುರು ಬೋಳಾಗಿತ್ತು ಎಂದರೆ ಅವಳು ತಿರುಗಿರಲಿಲ್ಲ.

"ಹಾಗಾದ್ರೆ ನೀನು ನೋಡಿದ್ದಿ" ಎಂದೆ. "ಅಪ್ಪನ ಮುಖ."

"ನೋಡಿದ್ದೇನೆ."

"ಹೇಗಿತ್ತು?"

ಬೇಬಿ ಮರುವಾಯಿ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. "ಬಾಯಿ ಸ್ವಲ್ಪ ತೆರೆದಿತ್ತು, ಬಲೆ ಎಳೆಯುವಾಗ ಹೋ ಅಂತ ಹೇಳ್ಲಿಕ್ಕೆ ತೆರಿತಿದ್ದನಲ್ಲ, ಅಷ್ಟೇ. ನೋವು ಇದ್ದ ಹಾಗೆ ಇರ್ಲಿಲ್ಲ ಅಕ್ಕ. ಎಡದ ಹುಬ್ಬು ಮೇಲೆ ಹೋಗಿತ್ತು. ಅಡಿಗೆ ಉಪ್ಪಾದ್ರೆ ನಿನ್ನ ಕಡೆ ನೋಡ್ತಿದ್ದ ನೋಡು, ಹಾಗೆ. ಮತ್ತೆ, ಕಿವಿಯ ಕೆಳಗೆ ಒಂದು ಹುರುಪೆ ಅಂಟಿತ್ತು. ಹದಿನೈದು ದಿನ ಮಲಗಿದಲ್ಲೇ ಇದ್ದವನಿಗೆ ಎಲ್ಲಿಂದ ಬಂತೋ. ಬೆಳಿಗ್ಗೆ ಮೈ ತೊಳೆಯುವಾಗಲೇ ಕಂಡಿದ್ದೆ. ತೆಗಿಲಿಕ್ಕೆ ಮನಸ್ಸು ಬರ್ಲಿಲ್ಲ. ಇರ್ಲಿ ಅಂತ ಬಿಟ್ಟೆ."

ಅದು ನನ್ನಿಂದ ಬಂದದ್ದು. ಆ ಹದಿನೈದು ದಿನವೂ ನಾನು ಅಂಗಳದಲ್ಲಿ ಹುರುಪೆ ಕೇರಿ, ಕೈ ಒರೆಸಿಕೊಂಡು ಹೋಗಿ ಅವನ ತಲೆ ಎತ್ತಿ ಗಂಜಿ ಕುಡಿಸುತ್ತಿದ್ದೆ. ಬೇಬಿಗೂ ಅದು ತಿಳಿದಿತ್ತೆಂದು ತೋರುತ್ತದೆ. ನನ್ನ ಬೆನ್ನ ಮೇಲೆ ಕೈಯಿಟ್ಟು ಕೂತಳು. ಅಪ್ಪನ ಮುಖ ನನ್ನ ಕಣ್ಣಿಗೆ ಆವತ್ತು ಮೊದಲ ಸಲ ಕಟ್ಟಿತು.

ಊಟ ಮಾಡಿಯೇ ಹೊರಟೆ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ಇಬ್ಬರೂ ಹುಬ್ಬು ಏರಿಸಿ ನಕ್ಕೆವು. ಹೊರಡುವ ಮುಂಚೆ ಅವಳ ಮನೆಯ ಸ್ಪಿರಿಟ್ಟಿನಿಂದ ಹತ್ತೂ ಉಗುರು ಒರೆಸಿಕೊಂಡೆ. ಕುಂಞಿಯ ಕೊಂಬನ್ನೂ ಒರೆಸಿದೆ, ಅದು ಸಂಕೋಚವಿಲ್ಲದೆ ತಲೆ ಒಡ್ಡಿ ನಿಂತಿತು. ಪಾಪದ ಪ್ರಾಣಿ, ಎಂಟು ವರ್ಷ ನನ್ನ ಬದುಕನ್ನೂ ಸೇರಿಸಿ ಬದುಕಿತ್ತು. ಶೀಶೆಯ ತಳದಲ್ಲಿ ಉಳಿದ ಎರಡು ಹನಿಯನ್ನು ಬೇಬಿಯ ದೇವರ ಗೂಡಿನಲ್ಲಿ ಇಟ್ಟು ಬಂದೆ.

ಪುತ್ತಬ್ಬನ ದೋಣಿ ನಡು ನೀರಿಗೆ ಬಂದಾಗ ಐದು ಗಂಟೆಯಾಗಿತ್ತು. ನಾನು ನನ್ನ ದಡಕ್ಕೆ ಮುಖ ಮಾಡಿ ಕೂತಿದ್ದವಳು ಹಿಂದಕ್ಕೆ ತಿರುಗಿದೆ. ಮೆಟ್ಟಿಲ ಮೇಲೆ ಬೇಬಿ ಕೂತಿದ್ದಳು, ಪಕ್ಕದಲ್ಲಿ ಆಡು. ಅವಳು ಕೈ ಎತ್ತಿದಳು. ನನ್ನ ಮುಖಕ್ಕೆ ಅಡ್ಡ ಹಿಡಿಯಲು ಕೈಯಲ್ಲಿ ಏನೂ ಇರಲಿಲ್ಲ.

ಪುತ್ತಬ್ಬ ಹುಟ್ಟು ನಿಲ್ಲಿಸಿ ನನ್ನ ಕತ್ತನ್ನು ನೋಡಿದ. ಎಂಟು ವರ್ಷದಲ್ಲಿ ಯಾರೂ ಕೇಳದ ಮಾತನ್ನು ಸ್ವಲ್ಪ ಹೆದರುತ್ತಲೇ ಕೇಳಿದ.

"ಯಾರದ್ದು ವಾರಿಜಕ್ಕ?"

"ನನ್ನದೇ" ಎಂದೆ.